ಹುಬ್ಬಳ್ಳಿಯಿಂದ ಬೆಂಗಳೂರಿಗೆ ಐದು ರೀಲು

ಹುಬ್ಬಳ್ಳಿಯಿಂದ ಬೆಂಗಳೂರು ಎಷ್ಟು ದೂರ? ಬಸ್ಸಿನವರನ್ನು ಕೇಳಿ, ಸುಮಾರು 410 ಕಿಲೋಮೀಟರು ಅನ್ನುತ್ತಾರೆ. ರೈಲಿನವರನ್ನು ಕೇಳಿ, ಹೆಚ್ಚೂಕಡಿಮೆ 470 ಅನ್ನುತ್ತಾರೆ. ವಿಮಾನದವರು ಕಿಲೋಮೀಟರಿನ ಮಾತೇ ಎತ್ತುವುದಿಲ್ಲ, "ಒಂದು ತಾಸು ಸರ್" ಅಂತ ನಕ್ಕು ಮುಗಿಸಿಬಿಡುತ್ತಾರೆ. ಇನ್ನು ನಮ್ಮ ಅಪ್ಪನನ್ನು ಕೇಳಿ ನೋಡಿ... "ಎದರಾಗ ಹೊಂಟೀಪಾ? ಬಸ್ಸಿಗಾದ್ರ ನಲವತ್ನಾಲ್ಕು ರೀಲು, ಹೊಸಾ ರೈಲಿಗಾದ್ರ ಮೂವತ್ಮೂರು" ಅನ್ನುತ್ತಾನೆ!

ಗಾಬರಿಯಾಗಬೇಡಿ. ಅಪ್ಪ ಹುಬ್ಬಳ್ಳಿಯ ಒಂದು ಟಾಕೀಸಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಆಪರೇಟರ್ ಆಗಿದ್ದವನು. (ನಮ್ಮ ಕಡೆ ಅಪ್ಪನಿಗೆ ಏಕವಚನವೇ ಮರ್ಯಾದೆ, ದಕ್ಷಿಣದ ಓದುಗರು ತಪ್ಪು ತಿಳಿಯಬಾರದು.) 1973ರಲ್ಲಿ ರೀಲು ಸುತ್ತುವ ಹುಡುಗನಾಗಿ ಸೇರಿದ. ಅವನು ಮೊದಲ ಸಲ ಹೆಗಲ ಮೇಲೆ ಹೊತ್ತ ಪೆಟ್ಟಿಗೆ 'ನಾಗರಹಾವು' ಚಿತ್ರದ್ದು. ಒಂದು ರೀಲು ಅಂದರೆ ಸಾವಿರ ಅಡಿ. ನಿಮಿಷಕ್ಕೆ ತೊಂಬತ್ತು ಅಡಿ ಓಡಿದರೆ ಹನ್ನೊಂದು ನಿಮಿಷಕ್ಕೆ ಒಂದು ರೀಲು ಖಾಲಿ. ಹದಿನಾರು ರೀಲಿನ ಸಿನಿಮಾ ಅಂದರೆ ಮೂರು ತಾಸಿಗೆ ನಾಲ್ಕು ನಿಮಿಷ ಕಡಿಮೆ. ಜಗತ್ತಿನಲ್ಲಿ ಯಾವುದೇ ಹೊತ್ತನ್ನು ಕೊಟ್ಟರೂ ಅಪ್ಪ ಈ ಅಳತೆಗೋಲಿನಲ್ಲೇ ಅಳೆಯುತ್ತಾನೆ. ಅನ್ನ ಬೇಯುವುದಕ್ಕೆ ಎರಡು ರೀಲು. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ನಾಲ್ಕು ರೀಲು. ನನ್ನ ಪಿಯುಸಿ ಓದು? "ಇಂಟರ್ವಲ್‌ಗೇ ಪ್ರಿಂಟ್ ಹರೀತು" ಅಂತ ಊರಿಗೆಲ್ಲ ಹೇಳಿಕೊಂಡು ಬಂದ!

ಬಾಕಿ ಉಳಿದಿದ್ದ ಲೆಕ್ಕ ಒಂದೇ, ವಿಮಾನದ್ದು. 2024ರ ಡಿಸೆಂಬರಿನಲ್ಲಿ ಅದಕ್ಕೂ ಕಾಲ ಕೂಡಿಬಂತು. ಬೆಂಗಳೂರಿನಲ್ಲಿ ಅಕ್ಕನ ಕೂಸಿನ ತೊಟ್ಟಿಲ ಕಾರ್ಯ. ಅಳಿಯಂದಿರು ಮಾವನಿಗೆ ಗೌರವ ಅಂತ ಎರಡು ವಿಮಾನದ ಟಿಕೆಟು ಕಳಿಸಿದರು. ಅಪ್ಪನಿಗೆ ಆಗ ಅರವತ್ತೆಂಟು. ಕಪಾಟಿನಿಂದ ಎಚ್‌ಎಂಟಿ ಜನತಾ ಗಡಿಯಾರ ತೆಗೆದು, ಕೀಲಿ ಕೊಟ್ಟು, ಕಿವಿಗೆ ಹಿಡಿದು ಟಿಕ್ ಟಿಕ್ ಕೇಳಿ, ಮಣಿಕಟ್ಟಿಗೆ ಕಟ್ಟಿಕೊಂಡ. "ಹೂಂ, ನಡಿ, ನೋಡೇಬಿಡೂಣು" ಅಂದ.

ಹಳೇ ಹುಬ್ಬಳ್ಳಿಯ ಮನೆ ಬಿಟ್ಟಾಗ ಜನತಾ ಗಡಿಯಾರದಲ್ಲಿ ಮಧ್ಯಾಹ್ನ 12 ಗಂಟೆ 10 ನಿಮಿಷ.

ಆಟೋದವನಿಗೆ "ಗೋಕುಲ ರೋಡ್, ಏರ್‌ಪೋರ್ಟ್" ಅಂದರೆ ನಮ್ಮ ಚೀಲಗಳನ್ನು ಒಂದು ಸಲ, ನಮ್ಮನ್ನು ಒಂದು ಸಲ ನೋಡಿದ. ಚೀಲದಲ್ಲಿ ತೊಟ್ಟಿಲಿಗೆ ಹಾಸುವ ಕೌದಿ ಇತ್ತು, ಅದು ಹೊರಗೆ ಇಣುಕುತ್ತಿತ್ತು. ಚೆನ್ನಮ್ಮ ವೃತ್ತದ ಗದ್ದಲ ದಾಟಿ ಗೋಕುಲ ರೋಡ್ ಹಿಡಿದ ಮೇಲೆ ಅಪ್ಪ ಹಳೆಯ ಕತೆ ಶುರು ಮಾಡಿದ. 1974ರಲ್ಲಿ ಇಲ್ಲಿ ವಿಮಾನ ನಿಲ್ದಾಣ ಕಟ್ಟಿದಾಗ ಟಾಕೀಸಿನ ಹುಡುಗರೆಲ್ಲ ಸೈಕಲ್ ಹತ್ತಿ ನೋಡಲು ಹೋಗಿದ್ದರಂತೆ. ನೋಡಿದ್ದೇನು? ಒಂದು ಉದ್ದನೆಯ ಟಾರು ರಸ್ತೆ, ಅದರ ಮೇಲೆ ಎಮ್ಮೆ. ವಿಮಾನ ಇಲ್ಲ! "ಪ್ರೊಜೆಕ್ಟರ್ ಇಲ್ಲದ ಟಾಕೀಸು ಕಟ್ಟಿಸಿದ್ರು ನೋಡು" ಅಂತ ಅಪ್ಪ ಇವತ್ತಿಗೂ ನಗುತ್ತಾನೆ.

ಆ ಟಾಕೀಸಿಗೆ ಜನ ತುಂಬಿಸಿದ ಸಾಹಸಕ್ಕೂ ಸಿನಿಮಾಕ್ಕೂ ನಂಟಿದೆ, ಕೇಳಿ. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಮೇಷ್ಟರ ಮಗ, ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದ ಜಿ.ಆರ್. ಗೋಪಿನಾಥ್ ಅಗ್ಗದ ವಿಮಾನದ ಕನಸು ಕಂಡು 2003ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಹಾರಿಸಿದರಲ್ಲ, ಅದರ ಮೊಟ್ಟಮೊದಲ ದಾರಿಗಳಲ್ಲಿ ಬೆಂಗಳೂರು–ಹುಬ್ಬಳ್ಳಿಯೂ ಒಂದು. ಫಂಕಾ ತಿರುಗುವ ಸಣ್ಣ ಎಟಿಆರ್ ವಿಮಾನ. ಮುಂದೆ ಒಂದು ರೂಪಾಯಿ ಟಿಕೆಟ್ ಅಂತ ದೇಶವನ್ನೇ ಬೆಚ್ಚಿಬೀಳಿಸಿದರು. 2008ರ ಹೊತ್ತಿಗೆ ಏರ್ ಡೆಕ್ಕನ್ ಹೆಸರು ಕಿಂಗ್‌ಫಿಷರಿನಲ್ಲಿ ಕರಗಿಹೋಯಿತು, ಆಮೇಲೆ ಕಿಂಗ್‌ಫಿಷರೂ ಕರಗಿತು. ಹುಬ್ಬಳ್ಳಿಗೆ 2017ರಲ್ಲಿ ಹೊಸ ಟರ್ಮಿನಲ್ ಬಂತು, 2018ರಲ್ಲಿ ಉಡಾನ್ ಯೋಜನೆಯಲ್ಲಿ ವಿಮಾನಗಳು ಸಾಲುಗಟ್ಟಿ ಬಂದವು.

ಗೋಪಿನಾಥರ ಆತ್ಮಕಥೆಯ ಎಳೆ ಹಿಡಿದು ಸುಧಾ ಕೊಂಗರ 2020ರಲ್ಲಿ ತಮಿಳಿನ 'ಸೂರರೈ ಪೋಟ್ರು' ತೆಗೆದರು. ಸೂರ್ಯ ನಾಯಕ, ರಾಷ್ಟ್ರಪ್ರಶಸ್ತಿಯನ್ನೂ ಹೊಡೆದುಕೊಂಡರು. 2024ರಲ್ಲಿ ಅದೇ ಕತೆ ಹಿಂದಿಯಲ್ಲಿ ಅಕ್ಷಯ್ ಕುಮಾರ್ ಮೈಮೇಲೆ 'ಸರ್ಫಿರಾ' ಆಗಿ ಬಂತು. ಅದರಲ್ಲಿ ಒಂದು ದೃಶ್ಯವಿದೆ. ಊರಲ್ಲಿ ಅಪ್ಪ ಸಾಯುತ್ತಿದ್ದಾನೆ, ಮಗ ವಿಮಾನ ನಿಲ್ದಾಣದಲ್ಲಿ ಟಿಕೆಟಿಗೆ ಹಣ ಸಾಲದೆ ಕಂಡಕಂಡವರ ಮುಂದೆ ಕೈಚಾಚುತ್ತಾನೆ. ಹಣ ಕೂಡುವುದಿಲ್ಲ. ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಥಿಯೇಟರು ಮುಚ್ಚಿದ್ದ ಕಾಲ, ನಾನು ಮೊಬೈಲಿನಲ್ಲಿ ನೋಡುತ್ತಿದ್ದೆ. ಆ ದೃಶ್ಯ ಬಂದಾಗ ಮೊಬೈಲು ಮಗುಚಿಟ್ಟು ಎದ್ದುಹೋದೆ. ಪೂರ್ತಿ ಸಿನಿಮಾ ನೋಡಿದ್ದು ಎರಡು ವರ್ಷದ ಮೇಲೆ. ಕಾರಣ ಮುಂದೆ ಹೇಳುತ್ತೇನೆ, ಈಗ ಅಪ್ಪ ಸಾಲಿನಲ್ಲಿ ನಿಂತಿದ್ದಾನೆ.

ಸಾಲೋ ಸಾಲು! ಬಾಗಿಲಲ್ಲಿ ಗುರುತಿನ ಚೀಟಿ, ಒಳಗೆ ಚೀಲ ತೂಗುವ ಸಾಲು, ಆಮೇಲೆ ಮೈ ಮುಟ್ಟಿ ನೋಡುವ ಸಾಲು. ಬೆಲ್ಟು ಬಿಚ್ಚು, ಗಡಿಯಾರ ಬಿಚ್ಚು. ಜನತಾ ಗಡಿಯಾರ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೂತು ಆ ಕಪ್ಪು ಗವಿಯೊಳಗೆ ಹೋದಾಗ ಅಪ್ಪನ ಮುಖ ನೋಡಬೇಕಿತ್ತು. ಆಚೆ ಬದಿಗೆ ಬಂದೊಡನೆ ಕಿವಿಗೆ ಹಿಡಿದ. "ನಡ್ಯಾಕತ್ತೈತಿ" ಅಂದ.

ನಡೆಯುತ್ತಿದ್ದದ್ದು ಗಡಿಯಾರ ಒಂದೇ. ವಿಮಾನ ನಲವತ್ತು ನಿಮಿಷ ತಡ ಅಂತ ಫಲಕದಲ್ಲಿ ಬಂತು. ನಮ್ಮ ಪಕ್ಕದಲ್ಲಿ ಸೂಟು ಹಾಕಿದ ಯುವಕನೊಬ್ಬ ಫೋನಿನಲ್ಲಿ ಇಂಗ್ಲಿಷ್‌ನಲ್ಲಿ ಹಾರಾಡುತ್ತಿದ್ದ. ಅಪ್ಪ ಬುತ್ತಿ ಬಿಚ್ಚಿ ಅವನಿಗೂ ಒಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟ. ಫೋನು ಇಟ್ಟು ತಿಂದ. ಮನೆ ನವನಗರವಂತೆ. ವಾರಕ್ಕೊಮ್ಮೆ ಹೋಗಿ ಬರುತ್ತಾನಂತೆ.

ಈಗ ಸ್ವಲ್ಪ ಲೆಕ್ಕ. ನಕ್ಷೆಯ ಮೇಲೆ ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ದೇವನಹಳ್ಳಿಗೆ ಗೆರೆ ಎಳೆದರೆ ನೇರ ದೂರ ಬರೀ 370 ಕಿಲೋಮೀಟರಿನ ಆಸುಪಾಸು. ಎಟಿಆರ್ ವಿಮಾನ ಮೇಲೆ ಹತ್ತಿ ನೆಟ್ಟಗಾದ ಮೇಲೆ ತಾಸಿಗೆ ಸುಮಾರು 500 ಕಿ.ಮೀ. ಓಡುತ್ತದೆ. ಹಾಗಾದರೆ ಮುಕ್ಕಾಲು ತಾಸು ಸಾಕಲ್ಲ, ಟಿಕೆಟಿನಲ್ಲಿ ಯಾಕೆ ತಾಸಿನ ಮೇಲೆ ಬರೆದಿರುತ್ತಾರೆ? ಅಲ್ಲೇ ಇರುವುದು ಗುಟ್ಟು. ಟಿಕೆಟಿನ ಹೊತ್ತು ಅಂದರೆ ಇಲ್ಲಿ ಗಾಲಿ ಅಲುಗಿದ ಕ್ಷಣದಿಂದ ಅಲ್ಲಿ ಗಾಲಿ ನಿಂತ ಕ್ಷಣದ ತನಕ. ನೆಲದ ಮೇಲೆ ತೆವಳುವುದು, ಏರುವುದು, ದೊಡ್ಡ ಊರಿನ ಆಕಾಶದಲ್ಲಿ ಸರದಿಗಾಗಿ ಸುತ್ತುವುದು ಎಲ್ಲ ಅದರಲ್ಲೇ. ಅದಕ್ಕೂ ಮೊದಲಿನ ಸಾಲುಗಳು, ಆಮೇಲಿನ ಬೆಂಗಳೂರು ಟ್ರಾಫಿಕ್ಕು ನಿಮ್ಮ ಖಾತೆ. 2022ರ ನವೆಂಬರಿನಲ್ಲಿ ಹುಬ್ಬಳ್ಳಿಯಿಂದ ದಿಲ್ಲಿಗೆ ನೇರ ವಿಮಾನ ಶುರುವಾಯಿತು. ನೇರ ದೂರ ಸುಮಾರು 1,480 ಕಿ.ಮೀ., ಬೆಂಗಳೂರಿನ ನಾಲ್ಕು ಪಟ್ಟು. ಆದರೆ ಹೊತ್ತು ನಾಲ್ಕು ಪಟ್ಟಾಗುವುದಿಲ್ಲ, ಎರಡೂವರೆ ತಾಸು. ಅಲ್ಲೂ ಸಾಲು ಇಷ್ಟೇ, ತೆವಳುವುದು ಇಷ್ಟೇ. ರೈಲಿನಲ್ಲಿ ಒಂದೂವರೆ ದಿನ ಬೇಕಾದ ದಿಲ್ಲಿಗೆ ವಿಮಾನ ದೇವರ ವರ. ಬೆಂಗಳೂರಿಗೆ? ದೇವರೇ ಬಲ್ಲ.

ಇನ್ನೊಂದು ತಮಾಷೆ. ಹುಬ್ಬಳ್ಳಿಯಿಂದ ಮುಂಬಯಿಗೆ ನೇರ ಗೆರೆ ಎಳೆದರೆ 475 ಕಿ.ಮೀ. ಆಸುಪಾಸು. 1956ರ ನವೆಂಬರ್ 1ರ ತನಕ ಧಾರವಾಡ ಜಿಲ್ಲೆಯ ರಾಜಧಾನಿ ಅದೇ. ಏಕೀಕರಣದಿಂದ ರಾಜಧಾನಿ ನಮಗೆ ನೂರು ಕಿಲೋಮೀಟರು ಹತ್ತಿರ ಬಂತು! "ಆದ್ರ ಪೆಟ್ಟಿಗಿ ತಡಾ ಮಾಡೂದು ಬಿಡಲಿಲ್ಲ" ಅನ್ನುವುದು ಅಪ್ಪನ ತಕರಾರು.

ಪೆಟ್ಟಿಗೆಯ ಕಾಲ ನೋಡದ ಕಿರಿಯ ಓದುಗರಿಗೆ ಒಂದು ಮಾತು. ಗಾಂಧಿನಗರದಿಂದ ಸಿನಿಮಾ ಬರುತ್ತಿದ್ದದ್ದು ತಗಡಿನ ಪೆಟ್ಟಿಗೆಯಲ್ಲಿ, ರೈಲಿನಲ್ಲೋ ಬಸ್ಸಿನ ತಲೆಯ ಮೇಲೋ. ಮೀಟರ್ ಗೇಜಿನ ಕಾಲದಲ್ಲಿ ರಾತ್ರಿ ಗಾಡಿ ತಡವಾದರೆ ಟಾಕೀಸಿನ ಮುಂದೆ ಜನ ಗೇಟು ಅಲುಗಿಸುತ್ತಿದ್ದರು. "ಪೆಟ್ಟಿಗಿ ಬಂತೇನ್ರೀ?" ಅನ್ನುವುದೇ ಶುಕ್ರವಾರದ ಸುಪ್ರಭಾತ. ಒಂದೇ ಪ್ರಿಂಟು ಎರಡು ಟಾಕೀಸಿಗೆ ಓಡಬೇಕಾದರೆ ಇಲ್ಲಿ ಮುಗಿದ ರೀಲನ್ನು ಸೈಕಲ್ಲಿಗೆ ಕಟ್ಟಿ ಅಲ್ಲಿಗೆ ಒಯ್ಯಬೇಕು. ಹನ್ನೊಂದು ನಿಮಿಷದೊಳಗೆ! ಅಪ್ಪನ ಎಡಮೊಣಕಾಲಿನ ಗಾಯದ ಗುರುತು ಅಂಥ ಒಂದು ಓಟದ್ದು. ಈಗ ಸಿನಿಮಾ ಉಪಗ್ರಹದಿಂದ ಇಳಿಯುತ್ತದೆ. ಪೆಟ್ಟಿಗೆಗೆ ದಾರಿಯೇ ಇಲ್ಲದ ಮೇಲೆ ತಡ ಎಲ್ಲಿಯದು? ಅಪ್ಪನಂಥವರಿಗೆ ಕೆಲಸವೂ ಇಲ್ಲ.

ಕೊನೆಗೂ ವಿಮಾನ ಬಂತು. ಎಟಿಆರಿಗೆ ಹತ್ತುವುದು ಹಿಂದಿನ ಬಾಗಿಲಿನಿಂದ, ಅದು ಅಪ್ಪನಿಗೆ ಹಿಡಿಸಿತು. "ನಮ್ಮ ಬಸ್ಸಿನ್ಹಂಗ ಐತಿ." ಆ ಕಡೆ ಎರಡು, ಈ ಕಡೆ ಎರಡು ಸೀಟು. ಕಿಟಕಿ ಅವನಿಗೆ ಕೊಟ್ಟೆ. ಫಂಕಾ ಗುರ್ರೆಂದಿತು, ನೆಲ ಓಡಿತು, ಹೊಟ್ಟೆ ಕೆಳಗೆ ಉಳಿದಂತಾಯಿತು. "ಚಾಲೂ" ಅಂದು ಅಪ್ಪ ಗಡಿಯಾರ ನೋಡಿದ. 2 ಗಂಟೆ 45 ನಿಮಿಷ.

ಕೆಳಗೆ ಕರಿಮಣ್ಣಿನ ಹೊಲಗಳು ಕೌದಿ ಹಾಸಿದಂತೆ ಕಂಡವು. ಗೆರೆ ಎಳೆದರೆ ಈ ದಾರಿ ಹೆಚ್ಚೂಕಡಿಮೆ ಚಿತ್ರದುರ್ಗದ ತಲೆಯ ಮೇಲೇ ಹಾದುಹೋಗುತ್ತದೆ. ಗುಡ್ಡದ ಮೇಲೆ ಗಾಳಿಯಂತ್ರಗಳು ಕಂಡಾಗ ಅಪ್ಪನಿಗೆ ಹೇಳಿದೆ. ಪುಟ್ಟಣ್ಣ ಕಣಗಾಲರು 1972ರಲ್ಲಿ ವಿಷ್ಣುವರ್ಧನ್‌ನನ್ನು ಹತ್ತಿಸಿ ಇಳಿಸಿದ ಬಂಡೆಗಳು, ಜಯಂತಿ ಒನಕೆ ಹಿಡಿದು ನಿಂತ ಕೋಟೆ. ಅಪ್ಪ ಮೂಗನ್ನು ಗಾಜಿಗೆ ಒತ್ತಿ ಹುಡುಕಿದ. ಏನೂ ಸಿಗಲಿಲ್ಲ. "ಭಾಳ ಮ್ಯಾಲಿಂದ ತೋರಸ್ತಾರ" ಅಂದ.

ಆಮೇಲೆ ತಾನೇ ಕೇಳಿದ, "ಆನಗೋಡು ಎಲ್ಲೆ ಬರ್ತದ?"

ಸಿನಿಮಾ ಪತ್ರಿಕೆ ಓದುವವರಿಗೆ ಆನಗೋಡು ಯಾಕೆ ಅಂತ ಬಿಡಿಸಿ ಹೇಳಬೇಕೆ? 1990ರ ಸೆಪ್ಟೆಂಬರ್ 30, ಭಾನುವಾರ. ನಾಗಾಭರಣರ 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆ ಲೋಕಾಪುರಕ್ಕೆ ಹೊರಟಿದ್ದ ಶಂಕರ್ ನಾಗ್ ದಾವಣಗೆರೆ ಬಳಿಯ ಆನಗೋಡಿನ ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕು ತೀರಿಕೊಂಡರು. ಮೂವತ್ತೈದು ವರ್ಷ. ಅಂದು ಮ್ಯಾಟಿನಿಗೆ ಪ್ರೊಜೆಕ್ಟರ್ ಹಚ್ಚಲು ಕೈ ಬರಲಿಲ್ಲ ಅಂತ ಅಪ್ಪ ಎಷ್ಟೋ ಸಲ ಹೇಳಿದ್ದಾನೆ. ಬೆಂಗಳೂರಿಗೂ ನಮಗೂ ನಡುವಿನ ದೂರ ಅಂದರೆ ಅಪ್ಪನಿಗೆ ಮೊದಲು ನೆನಪಾಗುವ ಊರು ಅದು.

"ಬಲಕ್ಕ, ದೂರ ಉಳೀತು. ಕಾಣೂದಿಲ್ಲ" ಅಂದೆ.

ನನಗೆ ಆ ದಾರಿಯಲ್ಲಿ ನೆನಪಾಗುವುದು ಬೇರೆ. ಈಗ ಹೇಳಿಬಿಡುತ್ತೇನೆ. ಪಿಯುಸಿಗೆ ಕೈಮುಗಿದು ಗಾಂಧಿನಗರ ಸೇರಿದ್ದ ನಾನು 2019ರ ನವೆಂಬರಿನಲ್ಲಿ ಒಂದು ದೊಡ್ಡ ಚಿತ್ರದಲ್ಲಿ ಕ್ಲಾಪ್ ಹಿಡಿಯುತ್ತಿದ್ದೆ. ಒಂದು ರಾತ್ರಿ 9 ಗಂಟೆ 40 ನಿಮಿಷಕ್ಕೆ ಅಪ್ಪನ ಫೋನು. "ಅವ್ವನ್ನ ದವಾಖಾನಿಗೆ ಹಾಕೇವಿ. ಬಾ." ಜೇಬಿನಲ್ಲಿ 640 ರೂಪಾಯಿ. ಗೊರಗುಂಟೆಪಾಳ್ಯದಲ್ಲಿ ನಿಂತು 11:15ರ ಖಾಸಗಿ ಬಸ್ಸು ಹಿಡಿದೆ. ಶಿರಾ ದಾಟಿದ ಮೇಲೆ ಟೈರು ಹೋಯಿತು, ಒಂದು ತಾಸು ಇಪ್ಪತ್ತು ನಿಮಿಷ ರಸ್ತೆ ಬದಿ. ರಾಣೆಬೆನ್ನೂರಿನ ಹತ್ತಿರ ಬೆಳಕು ಹರಿಯುವಾಗ ಮತ್ತೆ ಫೋನು. ಅವ್ವ 6:10ಕ್ಕೆ ಹೋಗಿಬಿಟ್ಟಿದ್ದಳು. ನಾನು ಹುಬ್ಬಳ್ಳಿಯಲ್ಲಿ ಇಳಿದದ್ದು 8:40ಕ್ಕೆ.

ಅಂದು ಅಂಗಳದಲ್ಲಿ ಸೋದರಮಾವ ನನ್ನ ಬೆನ್ನ ಮೇಲೆ ಕೈಯಿಟ್ಟು ಸಮಾಧಾನಕ್ಕೆ ಅಂತಲೇ ಒಂದು ಮಾತು ಅಂದ. "ವಿಮಾನಕ್ಕ ಬರಬೇಕಿತ್ತಪಾ. ತಾಸಿನ ದಾರಿ. ಮಾರಿ ನೋಡ್ತಿದ್ದಿ." ಆ ಮಾತು ಐದು ವರ್ಷ ನನ್ನ ಬೆನ್ನ ಮೇಲೇ ಕೂತಿತ್ತು. ತಾಸಿನ ದಾರಿ! ನನ್ನ ಬಳಿ ಹಣ ಇದ್ದಿದ್ದರೆ... ಕ್ಯಾಮೆರಾಮನ್‌ ಹತ್ತಿರ ಸಾಲ ಕೇಳಿದ್ದರೆ... ಸೂರರೈ ಪೋಟ್ರು ನೋಡುತ್ತ ಮೊಬೈಲು ಮಗುಚಿದ್ದು ಇದಕ್ಕೇ.

ಇದನ್ನೆಲ್ಲ ನಾನು ಅಪ್ಪನ ಮುಂದೆ ಯಾವತ್ತೂ ಆಡಿರಲಿಲ್ಲ. ಆದರೆ ಹಿರಿಯೂರಿನ ಮೇಲೆಲ್ಲೋ ಇದ್ದಾಗ ಅಪ್ಪ ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದ, "ನಾ ಲೆಕ್ಕಾ ಹಾಕೇನಿ. ಅವತ್ತ ನೀ ವಿಮಾನಕ್ಕ ಬಂದಿದ್ರೂ ಆಕಿ ಸಿಗ್ತಿದ್ದಿಲ್ಲ."

ನಾನು ಸುಮ್ಮನಿದ್ದೆ.

"ಒಂಬತ್ತೂ ನಲವತ್ತಕ್ಕ ಫೋನು. ಅಲ್ಲಿಂದ ದೇವನಹಳ್ಳಿಗೆ ಹೋಗಾಕ ಎರಡು ತಾಸು. ನಡುರಾತ್ರಿಗೆ ಹುಬ್ಬಳ್ಳಿಗೆ ಯಾವ ವಿಮಾನ ಇತ್ತು? ಮುಂಜಾನಿದು ಹಿಡದ್ರೂ ಬಸ್ಸಿಗೂ ಅದಕ್ಕೂ ಅಷ್ಟಕ್ಕಷ್ಟ. ಟೈರು ಹೋಗದಿದ್ರೂ ಬಸ್ಸು ಏಳೂ ಇಪ್ಪತ್ತಕ್ಕ ಬರೂದು. ನಾ ಬರದು ನೋಡೇನಿ."

ಅಂದರೆ ಮಾವನ ಮಾತು ಅವನಿಗೂ ಕೇಳಿಸಿತ್ತು. ಅವನೂ ಐದು ವರ್ಷ ಅದೇ ಕಾಗದದ ಮೇಲೆ ಅದೇ ಲೆಕ್ಕ ಬರೆಯುತ್ತಿದ್ದ.

ಹಳೆಯ ಮಷಿನ್ನುಗಳಲ್ಲಿ ರೀಲು ಮುಗಿಯುವ ಮುಂಚೆ ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ಆಗ ಎರಡನೇ ಮಷಿನ್ ಚಾಲೂ ಮಾಡಬೇಕು. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕೆ, ಆಗ ಬದಲಿಸಬೇಕು. ಆ ನಡುವೆ ಆಪರೇಟರ್ ಯಾರ ಜೊತೆಗೂ ಮಾತಾಡುವುದಿಲ್ಲ. ಅಪ್ಪ ಅಷ್ಟೇ ಹೊತ್ತು ಸುಮ್ಮನಿದ್ದ.

"ಆಕಿಗೆ ಅರಾಮ ತಪ್ಪಿದ್ದು ಸಂಜಿ ನಾಕಕ್ಕ. ನಾಕಕ್ಕ ಫೋನ್ ಮಾಡಿದ್ರ ನೀ ಬಸ್ಸಿಗೇ ರಾತ್ರಿ ಒಂದಕ್ಕ ಬರ್ತಿದ್ದಿ. ಎರಡರ ತನಾ ಮಾತಾಡ್ತಿದ್ಲು. ಮಗಾಗ ದೊಡ್ಡ ಸಿನಿಮಾ ಸಿಕ್ಕೈತಿ, ಕೆಡಸಬ್ಯಾಡ್ರಿ ಅಂದ್ಲು. ನಾನೂ ಹೂಂ ಅಂದೆ."

ವಿಮಾನ ಇಳಿಯತೊಡಗಿತ್ತು. ಕಿವಿ ಗವ್ವೆಂದು ಮುಚ್ಚಿತು. ಅಪ್ಪನಿಗೂ ಮುಚ್ಚಿತೇನೋ, ಎರಡೂ ಕಿವಿ ಹಿಡಿದುಕೊಂಡ. "ನೀರು ಕುಡೀತಿಯೇನು?" ಕೇಳಿದೆ. ಬಾಟಲಿ ತೆಗೆದುಕೊಂಡು ಅರ್ಧ ಕುಡಿದು ನನಗೆ ಕೊಟ್ಟ.

ಗಾಲಿ ನೆಲಕ್ಕೆ ಬಡಿದಾಗ 3 ಗಂಟೆ 37. ಐವತ್ತೆರಡು ನಿಮಿಷ. "ಐದು ರೀಲಿಗೆ ಮೂರು ನಿಮಿಷ ಕಡಿಮಿ" ಅಂದ ಆಪರೇಟರ್. ಅಕ್ಕಪಕ್ಕದವರು ಆಗಲೇ ಎದ್ದು ಚೀಲಕ್ಕೆ ಕೈ ಹಾಕಿದ್ದರು.

ಮುಂದಿನದು ಬೆಂಗಳೂರಿಗರಿಗೆ ಗೊತ್ತಿದ್ದದ್ದೇ. 2008ರ ಮೇ ತಿಂಗಳವರೆಗೆ ವಿಮಾನ ಊರೊಳಗಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿತ್ತು, ಈಗ ದೇವನಹಳ್ಳಿ. ಮೆಜೆಸ್ಟಿಕ್ ಮೂವತ್ತೈದು ಕಿಲೋಮೀಟರಿನ ಆಚೆ. ಕೌದಿ ಚೀಲ ಪಟ್ಟಿಯ ಮೇಲೆ ತಿರುಗಿ ಬರುವಷ್ಟರಲ್ಲಿ ಅರ್ಧ ತಾಸು. ವಾಯುವಜ್ರ ಬಸ್ಸು ಹತ್ತಿದರೆ ಹೆಬ್ಬಾಳದಲ್ಲಿ ನಿಂತೇಬಿಟ್ಟಿತು. ಎಡಬಲಕ್ಕೆ ಕಾರೋ ಕಾರು. ಆಕಾಶದಲ್ಲಿ ಚಿತ್ರದುರ್ಗ ದಾಟಲು ತೆಗೆದುಕೊಂಡ ಹೊತ್ತಿನಲ್ಲಿ ಇಲ್ಲಿ ಒಂದು ಸೇತುವೆ ದಾಟಲಿಲ್ಲ. ಅಪ್ಪ ನಿದ್ದೆ ಹೋದ. ತಲೆ ನನ್ನ ಹೆಗಲಿಗೆ ಬಂತು. ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿದು ಅಕ್ಕನ ಮನೆ ಮುಟ್ಟಿದಾಗ 6 ಗಂಟೆ 25.

ಒಟ್ಟು ಆರೂಕಾಲು ತಾಸು, ಅದರಲ್ಲಿ ಹಾರಿದ್ದು ಐವತ್ತೆರಡು ನಿಮಿಷ! 2023ರ ಜೂನಿನಲ್ಲಿ ಶುರುವಾದ ವಂದೇ ಭಾರತ್ ರೈಲು ಹುಬ್ಬಳ್ಳಿಯಿಂದ ಬೆಂಗಳೂರಿಗೆ ತೆಗೆದುಕೊಳ್ಳುವುದು ಆರು ತಾಸಿನ ಆಸುಪಾಸು. ಮನೆಯಿಂದ ಮನೆಗೆ ಲೆಕ್ಕ ಹಿಡಿದರೆ ವಿಮಾನಕ್ಕೆ ಒಂದು ತಾಸಿನ ಗೆಲುವು, ಅಷ್ಟೇ. ರೈಲಿಗೆ ಹೋಗುವುದಾದರೆ ನಮ್ಮ ಹುಬ್ಬಳ್ಳಿಯ ಪ್ಲಾಟ್‌ಫಾರಂ ಬೇರೆ ನಡೆಯಬೇಕು, 1,507 ಮೀಟರು, ಜಗತ್ತಿನಲ್ಲೇ ಉದ್ದದ್ದು ಅಂತ 2023ರಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದ್ದು. ತಪ್ಪು ತುದಿಯಲ್ಲಿ ಇಳಿದಿರೋ, ಒಂದೂವರೆ ರೀಲು ನಡಿಗೆ!

ಬಾಗಿಲಲ್ಲಿ ಅಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅಪ್ಪ ವಿಮಾನದಲ್ಲಿ ಬಂದಿದ್ದಾನೆ, ಸಣ್ಣ ಮಾತೇ?

"ಎಷ್ಟ ಹೊತ್ತಾತು ಅಪ್ಪಾ?"

"ಐದು ರೀಲು."

"ಮತ್ತ ಹನ್ನೆರಡಕ್ಕ ಮನಿ ಬಿಟ್ಟೇವಿ ಅಂತ ಇಂವಾ ಫೋನ್ ಮಾಡಿದ್ನಲ್ಲ?"

"ಅದು ಸರ್ಕಾರಿ ನ್ಯೂಸ್‌ರೀಲು" ಅಂದ ಅಪ್ಪ, ಜನತಾ ಗಡಿಯಾರ ಬಿಚ್ಚಿ ಕೂಸಿನ ಕಿವಿಯ ಹತ್ತಿರ ಹಿಡಿಯುತ್ತ. ಆಮೇಲೆ ನನ್ನ ಕಡೆ ತಿರುಗಿ, "ಹೊಳ್ಳಿ ಹೋಗಾಕ ರೈಲಿಗೆ ತಗಿ. ಆನಗೋಡು ಕಾಣೂ ಕಡೆ ಕಿಟಕಿ ಸಿಗ್ತೈತೇನು ನೋಡು" ಅಂದ.